ಅಳತೆ ಬ್ಲೌಸ್ ಇಲ್ಲದ ರಾಣಿಯರು

ಆಗಸ್ಟ್ ಮುಗಿಯುತ್ತಿದ್ದ ಹಾಗೆ ಹ್ಯೂಸ್ಟನ್‌ನ ನಮ್ಮ ಬೀದಿಯಲ್ಲಿ ಕೆಲವರಿಗೆ 16ನೇ ಶತಮಾನ ನೆನಪಾಗುತ್ತದೆ. ನೆನಪಾದವರು ನೇರವಾಗಿ ಬಂದು ನಮ್ಮನೆ ಬೆಲ್ ಒತ್ತುತ್ತಾರೆ. ಕೈಯಲ್ಲಿ ವೆಲ್ವೆಟ್, ಮುಖದಲ್ಲಿ ರಾಜಗಾಂಭೀರ್ಯ. ಒಬ್ಬಳು ರಾಣಿ ಆಗಬೇಕು, ಇನ್ನೊಬ್ಬನು ಕಡಲ್ಗಳ್ಳ, ಮತ್ತೊಬ್ಬರು ಹೆಂಡದಂಗಡಿಯ ಯಜಮಾನಿ. ಎಲ್ಲರಿಗೂ ಜಾತ್ರೆ ಶುರುವಾಗುವ ಮೊದಲು ಬಟ್ಟೆ ಕೈಗೆ ಬಂದಿರಬೇಕು.

ಜಾತ್ರೆ ಅಂದರೆ ರೆನೆಸಾನ್ಸ್ ಜಾತ್ರೆ, ಹಳೇ ಯುರೋಪಿನ ರಾಜ ರಾಣಿಯರ ಕಾಲದ ವೇಷ ಹಾಕಿಕೊಂಡು ಹೋಗುವಂಥದ್ದು. ಅಮೆರಿಕದಲ್ಲಿ ಈ ಹುಚ್ಚು ಶುರುವಾಗಿದ್ದು 1963ರಲ್ಲಿ, ಲಾಸ್ ಏಂಜಲೀಸ್ ಕಡೆ. ನಮ್ಮ ಟೆಕ್ಸಸ್ ಜಾತ್ರೆ 1974ರದ್ದು. ಹ್ಯೂಸ್ಟನ್‌ನಿಂದ ಸುಮಾರು 50 ಮೈಲಿ ದೂರದ ಟಾಡ್ ಮಿಷನ್ ಅನ್ನೋ ಪುಟ್ಟ ಊರಲ್ಲಿ ಅಕ್ಟೋಬರ್, ನವೆಂಬರ್ ವಾರಾಂತ್ಯಗಳಲ್ಲಿ ನಡೆಯುತ್ತದೆ. ಕುದುರೆ ಮೇಲೆ ಈಟಿ ಕಾಳಗ, ಒಂದು ಕೈಯಲ್ಲಿ ಹಿಡಿಯಲಾರದಷ್ಟು ದಪ್ಪದ ಟರ್ಕಿ ಕೋಳಿ ಕಾಲು, ಟಾಯ್ಲೆಟ್ ಮುಂದೆ ಕ್ಯೂ ನಿಂತ ಮಹಾರಾಜರುಗಳು. ನಾನು ಇದರಲ್ಲಿ ಸಿಕ್ಕಿಬಿದ್ದಿದ್ದು ಸುಮ್ನೆ ಒಂದು ಸೀರೆಗೆ ಫಾಲ್ಸ್ ಹೊಲಿಯುತ್ತಾ ಕೂತಿದ್ದಾಗ. ಪಕ್ಕದ ಮನೆಯಾಕೆ ನೋಡಿದರು. 'ನಿನಗೆ ಹೊಲಿಗೆ ಬರುತ್ತಾ?' ಅಂದರು. ಬರುತ್ತೆ ಅಂದೆ. ಮುಗೀತು ಕಥೆ.

ಅಳತೆ ಕೊಡುವ ವಿಷಯದಲ್ಲಿ ಸತ್ಯಹರಿಶ್ಚಂದ್ರ ಯಾವ ದೇಶದಲ್ಲೂ ಇಲ್ಲ. ಟೇಪು ಸೊಂಟಕ್ಕೆ ತಗಲಿದ್ದೇ ತಡ, ಉಸಿರು ಒಳಗೆ, ಹೊಟ್ಟೆ ಬೆನ್ನಿಗೆ. ಗಂಡಸರದ್ದು ಇನ್ನೂ ವಿಚಿತ್ರ. ಪ್ಯಾಂಟನ್ನು ಹೊಟ್ಟೆಯ ಕೆಳಗೆ ಎಲ್ಲೋ ಸಿಕ್ಕಿಸಿಕೊಂಡು, ಅದನ್ನೇ ಸೊಂಟ ಅಂತ ನಂಬಿ, 'ಕಾಲೇಜಿನಿಂದಲೂ 36' ಅನ್ನುತ್ತಾರೆ. ಊರಲ್ಲಾದರೆ ಈ ರಗಳೆಯೇ ಇಲ್ಲ. 'ಅಳತೆ ಬ್ಲೌಸ್ ತಂದಿದ್ದೀರಾ ಅಕ್ಕಾ?' ಅಂತ ಕೇಳಿದರಾಯಿತು. ಹಳೇ ಬ್ಲೌಸ್ ಸುಳ್ಳು ಹೇಳಲ್ಲ. ಅದರ ಮೇಲೂ ಅನುಮಾನ ಇದ್ದರೆ 'ಒಳಗೆ ಬಟ್ಟೆ ಬಿಟ್ಟಿರ್ತೀನಿ, ಬೇಕಾದಾಗ ಬಿಚ್ಚಿಕೊಳ್ಳಿ' ಅನ್ನೋ ಅಭಯ ಇದ್ದೇ ಇದೆ. ಆದರೆ 16ನೇ ಶತಮಾನದ ಇಂಗ್ಲೆಂಡಿನ, ಟ್ಯೂಡರ್ ಕಾಲದ ರಾಣಿಗೆ ಅಳತೆ ಬ್ಲೌಸ್ ಎಲ್ಲಿಂದ ತರೋದು?

ಅಂಗಡಿಯಲ್ಲಿ ಸಿಗುವ ಪ್ಯಾಟರ್ನ್ (ಬಟ್ಟೆ ಕತ್ತರಿಸಲು ಬೇಕಾದ ಕಾಗದದ ನಕ್ಷೆ) ಲಕೋಟೆಗಳು ಬೇರೆ ಕೆಟ್ಟ ಹೆಸರು ತರುತ್ತವೆ. ಇಲ್ಲಿ ರೆಡಿಮೇಡ್ ಬಟ್ಟೆಯ ನಂಬರು ಒಂದು, ಪ್ಯಾಟರ್ನ್ ನಂಬರು ಇನ್ನೊಂದು. ಮಾಲ್‌ನಲ್ಲಿ 12 ಹಾಕುವವಳಿಗೆ ಲಕೋಟೆಯ ಮೇಲೆ 18 ಅಂತ ಇರುತ್ತದೆ. ಅದನ್ನು ನೋಡಿ ಒಬ್ಬಾಕೆ ನಮ್ಮನೆ ಸೋಫಾದ ಮೇಲೆ ಕೂತು ನಿಜವಾಗಲೂ ಕಣ್ಣೀರು ಹಾಕಿದರು. ಕಾಫಿ ಮಾಡಿಕೊಟ್ಟೆ. ಚಕ್ಕುಲಿ ಇಡಲು ಹೋದರೆ 'ಬೇಡ, 18' ಅಂದರು.

ಇದಕ್ಕೆ ಮದ್ದು ಸಿಕ್ಕಿದ್ದು ಆ ಕಾಲದ ದರ್ಜಿಗಳಿಂದಲೇ. ಅವರ ಹತ್ತಿರ ಇಂಚಿನ ಟೇಪು ಇರಲಿಲ್ಲ. ಗಿರಾಕಿಗೊಂದು ಉದ್ದನೆಯ ಪಟ್ಟಿ ಇಟ್ಟುಕೊಂಡು, ಎದೆ ಇಲ್ಲಿಗೆ, ಸೊಂಟ ಇಲ್ಲಿಗೆ ಅಂತ ಅಂಚಿನಲ್ಲಿ ಕತ್ತರಿಯಿಂದ ಸಣ್ಣ ಕಚ್ಚು ಹಾಕುತ್ತಿದ್ದರಂತೆ. ನಂಬರೇ ಇಲ್ಲ! ನಾನೂ ಹಾಗೇ ಕಾಗದದ ಪಟ್ಟಿ ಶುರು ಮಾಡಿದೆ. ಉಸಿರು ಹಿಡಿಯುವುದು ಅರ್ಧಕ್ಕರ್ಧ ನಿಂತಿತು. ನಂಬರ್ ಇಲ್ಲದ ಮೇಲೆ ಯಾರಿಗೆ ನಾಚಿಕೆ? ಒಂದೇ ತೊಂದರೆ. ನಮ್ಮನೆಯವರು ಮನೆ ಗುಡಿಸುವ ಉತ್ಸಾಹದಲ್ಲಿ ಒಬ್ಬ ಟ್ರಕ್ ಡ್ರೈವರ್‌ನ ಇಡೀ ದೇಹವನ್ನು ಸುತ್ತಿ ಕಸದ ಬುಟ್ಟಿಗೆ ಹಾಕಿಬಿಟ್ಟರು.

ಆ ಟ್ರಕ್ ಡ್ರೈವರ್ ದೊಡ್ಡ ಆಳು. ಬಾಗಿಲಲ್ಲಿ ನಿಂತರೆ ಹಾಲ್ ಕತ್ತಲಾಗುತ್ತಿತ್ತು. 'ನನ್ನ ಗಾತ್ರಕ್ಕೆ ಏನಾದರೂ ಇದೆಯಾ?' ಅಂತ ಬಹಳ ಮೆತ್ತಗೆ ಕೇಳಿದ. ಇಂಗ್ಲೆಂಡಿನ ರಾಜ ಎಂಟನೇ ಹೆನ್ರಿಯ ಉಕ್ಕಿನ ಕವಚಗಳ ಕಥೆ ಹೇಳಿದೆ. 1515ರ ಹೊತ್ತಿನ ಕವಚದಲ್ಲಿ ರಾಜನ ಸೊಂಟ 35 ಇಂಚಿನ ಆಸುಪಾಸು. 1540ರ ಕವಚದಲ್ಲಿ 50 ದಾಟಿದೆ. ಅಷ್ಟೇ ಅಲ್ಲ, ಆ ಶತಮಾನದ ಕೊನೆಯ ಭಾಗದಲ್ಲಿ ಸಣಕಲು ಗಂಡಸರೂ ಡಬ್ಲೆಟ್ ಅನ್ನೋ ಬಿಗಿ ಅಂಗಿಯ ಮುಂಭಾಗಕ್ಕೆ ಹತ್ತಿ, ಉಣ್ಣೆ ತುರುಕಿಸಿಕೊಂಡು ಬೊಜ್ಜು ಮಾಡಿಕೊಳ್ಳುತ್ತಿದ್ದರು. ಆಗ ಅದೇ ಫ್ಯಾಷನ್. ಕೇಳಿ ಅವನ ಮುಖ ಅರಳಿತು. 'ಹಾಗಾದರೆ ನನಗೆ ಹತ್ತಿಯ ಖರ್ಚು ಉಳಿಯಿತು' ಅಂದ.

ಉಳಿಯದೇ ಇದ್ದದ್ದು ಅವನ ಮಾನ. ಆ ಕಾಲದಲ್ಲಿ ಕೆಳಗಿನ ಬಿಗಿ ಚಲ್ಲಣವನ್ನು ಮೇಲಿನ ಡಬ್ಲೆಟ್‌ಗೆ ಸುತ್ತಲೂ ಲಾಡಿಗಳಿಂದ ಕಟ್ಟುತ್ತಿದ್ದರು. ಇವನಿಗೂ ಹಾಗೇ ಬೇಕಂತೆ, ಝಿಪ್ ಹಾಕಿದರೆ ಇತಿಹಾಸಕ್ಕೆ ದ್ರೋಹವಂತೆ. ಬೆನ್ನ ಹಿಂದಿನ ಗಂಟು ಕಟ್ಟಿದ್ದು ಹೆಂಡತಿ. ಮಧ್ಯಾಹ್ನ ಮೂರು ಲೋಟ ಬಿಯರ್ ಇಳಿದ ಮೇಲೆ ಬಿಚ್ಚುವ ಸಂದರ್ಭ ಬಂದಾಗ ಆ ಹೆಂಡತಿ ಈಟಿ ಕಾಳಗ ನೋಡುತ್ತಾ ಕೂತಿದ್ದರು. ಕೊನೆಗೆ ಗುರುತು ಪರಿಚಯ ಇಲ್ಲದ ಒಬ್ಬ ಸನ್ಯಾಸಿ ವೇಷದವನು ಬಂದು ಗಂಟು ಬಿಚ್ಚಿ ಪುಣ್ಯ ಕಟ್ಟಿಕೊಂಡ.

ಇದೇ ಉಡುಪಿನ ಮುಂಭಾಗದಲ್ಲಿ, ಕಾಲುಗಳ ನಡುವೆ, ಉಬ್ಬಿದ ಒಂದು ಚೀಲ ಇರುತ್ತದೆ. ಹೊಲಿಯುತ್ತಿದ್ದಾಗ ಅಮ್ಮ ವಿಡಿಯೊ ಕಾಲ್‌ನಲ್ಲಿದ್ದರು. 'ಅದೇನೇ ಅದು, ಮುಂದೆ?' ಅಂದರು. 'ಜೇಬು ಅಮ್ಮ' ಅಂದೆ. 'ಅಲ್ಲಿ ಯಾಕೆ ಇಟ್ಟರು, ಪಕ್ಕದಲ್ಲಿ ಜಾಗ ಇರಲಿಲ್ವಾ?' ಕಾಲ್ ಕಟ್ ಆಯಿತು. ಅಂದರೆ ನಾನೇ ಮಾಡಿದೆ.

ನಿಜ ಹೇಳಬೇಕೆಂದರೆ ದಪ್ಪಗಿರುವವರಿಗೆ ಹೊಲಿಯುವುದೇ ಸುಲಭ. ಇದನ್ನು ಯಾರೂ ನಂಬಲ್ಲ. ಆ ಕಾಲದ ಕುಪ್ಪಸಕ್ಕೆ ಗುಂಡಿಗಿಂತ ಲಾಡಿಯೇ ಜಾಸ್ತಿ. ಎರಡೂ ಅಂಚಿಗೆ ತೂತು ಮಾಡಿ, ಒಂದೇ ಲಾಡಿಯನ್ನು ಸುರುಳಿಯಾಗಿ ಕೆಳಗಿನಿಂದ ಮೇಲಕ್ಕೆ ಪೋಣಿಸಿಕೊಂಡು ಹೋಗುವುದು. ನಡುವೆ ಎರಡು ಇಂಚು ಸಂದು ಬಿಟ್ಟಿದ್ದರೆ ದಸರೆಗೆ ಮೊದಲೂ ಆಗುತ್ತದೆ, ದೀಪಾವಳಿಯ ಹೋಳಿಗೆ ಆದ ಮೇಲೂ ಆಗುತ್ತದೆ. ತೋಳು ಬೇರೆ, ಅದನ್ನೂ ಕಟ್ಟುವುದೇ. ಒಳಗಿನ ಶೆಮೀಸ್ ಅಂತೂ ಬರೀ ಚೌಕ, ಆಯತದ ತುಂಡುಗಳು. ಕಂಕುಳಲ್ಲಿ ಒಂದು ಚೌಕ ಸೇರಿಸಿದರೆ ಎಂಥ ತೋಳೂ ಎತ್ತಿದ ಕಡೆ ಏಳುತ್ತದೆ, ಬಟ್ಟೆಯೂ ಹಾಳಾಗಲ್ಲ. ಲಾಡಿ ಎಳೆದು ಕಟ್ಟಿದಾಗ ಮೈಯಲ್ಲಿ ಒಂದಿಷ್ಟು ಮಾಂಸ ಇದ್ದರೆ ಕುಪ್ಪಸ ಕೂರುತ್ತದೆ, ಆಕಾರ ಬರುತ್ತದೆ. ಪಕ್ಕದ ಮನೆಯಾಕೆ ಹಾಕಿಕೊಂಡು ಕನ್ನಡಿ ಮುಂದೆ ನಿಂತರೆ ಒಳ್ಳೇ ಪಟ್ಟದ ರಾಣಿ. ಕಷ್ಟ ಇರುವುದು ಕಡ್ಡಿ ಪೈಲ್ವಾನರದ್ದು. ಒಬ್ಬ ಕಾಲೇಜು ಹುಡುಗಿ ಜಾತ್ರೆಯಲ್ಲಿ ಕುಣಿಯುತ್ತಾ ಗಿರ್ರನೆ ತಿರುಗಿದಳು. ಹುಡುಗಿ ತಿರುಗಿದಳು, ಕುಪ್ಪಸ ತಿರುಗಲಿಲ್ಲ. ಮುಂದಿನ ಲಾಡಿ ಬೆನ್ನಿಗೆ ಹೋಯಿತು. ಯಾರೋ ಅದನ್ನೂ ಹೊಸ ಫ್ಯಾಷನ್ ಅಂದುಕೊಂಡು ಫೋಟೋ ತೆಗೆದರು.

ಕುಪ್ಪಸ ನೆಟ್ಟಗೆ ನಿಲ್ಲಲು ಒಳಗೆ ಕಡ್ಡಿ ಬೇಕು. ಆಗ ಜೊಂಡಿನ ಕಡ್ಡಿಯ ಕಟ್ಟು ಹಾಕುತ್ತಿದ್ದರು, ಆಮೇಲೆ ತಿಮಿಂಗಿಲದ ಬಾಯಿಯೊಳಗಿನ ಪಟ್ಟಿ. ಈಗಿನವರು ಹಾಕುವುದು ಹಾರ್ಡ್‌ವೇರ್ ಅಂಗಡಿಯ ಪ್ಲಾಸ್ಟಿಕ್ ಕೇಬಲ್ ಟೈ. ಅಗಲವಾಗಿದ್ದು ಗಟ್ಟಿ ಇರಬೇಕು. ಕತ್ತರಿಸಿದ ತುದಿ ಚೂಪಾಗಿರುವುದರಿಂದ ಮೇಣದಬತ್ತಿಗೆ ಹಿಡಿದು ಕರಗಿಸಿ ದುಂಡಗೆ ಮಾಡಬೇಕು. ಇಲ್ಲದಿದ್ದರೆ ರಾಣಿಯ ಕಂಕುಳಿಗೆ ಚುಚ್ಚುತ್ತದೆ. ಆ ರಾತ್ರಿ ತುದಿಗಳನ್ನು ಕರಗಿಸುತ್ತಾ ಕೂತಿದ್ದೆ. ಸುಟ್ಟ ವಾಸನೆ, ಸಣ್ಣ ಹೊಗೆ. ಹೊಗೆ ಅಲಾರಂ ಕಿರುಚಲು ಶುರು ಮಾಡಿತು. ನಮ್ಮನೆಯವರು ಕನ್ನಡಕ ಇಲ್ಲದೆ ಓಡಿಬಂದರು. ಕುರ್ಚಿ ಮೇಲೆ ಹತ್ತಿ ಟವೆಲ್ ಬೀಸಿದರು. ಟವೆಲ್‌ಗೆ ಸಿಕ್ಕಿ ಗುಂಡುಸೂಜಿ ಡಬ್ಬ ಕಾರ್ಪೆಟ್ ಮೇಲೆ ಸುರಿಯಿತು. ಇಳಿಯುವಾಗ ಬರಿಗಾಲು. ಆಗ ಅವರ ಬಾಯಿಂದ ಹೊರಟ ಕನ್ನಡಕ್ಕೂ ರೆನೆಸಾನ್ಸ್‌ಗೂ ಏನೂ ಸಂಬಂಧ ಇಲ್ಲ.

ಒಳಗೆ ದೊಡ್ಡ ಬಳೆಗಳಂಥ ಹೂಪ್ ಇರುವ ಲಂಗಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. 1501ರಲ್ಲಿ ಸ್ಪೇನಿನ ರಾಜಕುಮಾರಿ ಕ್ಯಾಥರೀನ್ ಇಂಗ್ಲೆಂಡಿಗೆ ತಂದಿದ್ದು. ಆಕೆ ಅದನ್ನು ಹಾಕಿಕೊಂಡು ಕಾರಿನ ಸೀಟ್ ಬೆಲ್ಟ್ ಕಟ್ಟಿರಲಿಲ್ಲ. ಕೂತ ಕೂಡಲೇ ಮುಂದಿನ ಬಳೆ ಎದ್ದು ಮುಖಕ್ಕೆ ಬಡಿಯುತ್ತದೆ. ಇಷ್ಟು ಸಾಕು.

ಕೊರಳ ಸುತ್ತ ನೆರಿಗೆ ನೆರಿಗೆಯಾಗಿ ನಿಲ್ಲುವ ರಫ್ ಮಾತ್ರ ನಮ್ಮಮ್ಮನ ಇಲಾಖೆ. ಅದು ನಿಲ್ಲಬೇಕಾದರೆ ಗಂಜಿ ಬೇಕು. ಲಂಡನ್ನಿನ ಹೆಂಗಸರಿಗೆ 1564ರಲ್ಲಿ ಗಂಜಿ ಹಾಕುವುದನ್ನು ಕಲಿಸಿದ್ದು ಫ್ಲಾಂಡರ್ಸ್ (ಈಗಿನ ಬೆಲ್ಜಿಯಂ) ಕಡೆಯಿಂದ ಬಂದ ಒಬ್ಬಾಕೆ, ಡಿಂಗೆನ್ ವ್ಯಾನ್ ಡೆನ್ ಪ್ಲಾಸೆ ಅಂತ. ಕಲಿಸುವುದಕ್ಕೆ ನಾಲ್ಕೈದು ಪೌಂಡ್ ಫೀಸು. ಆ ಕಾಲಕ್ಕೆ ಅದು ಭಾರೀ ದುಡ್ಡು. ಅಮ್ಮನಿಗೆ ಹೇಳಿದೆ. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ 'ನಾನು ನಿಮ್ಮಪ್ಪನ ಪಂಚೆಗೆ ಜೀವಮಾನವಿಡೀ ಪುಕ್ಕಟೆ ಹಾಕಿದೆ ಕಣೇ' ಅಂದರು.

ಫೋನಿನಲ್ಲೇ ಪಾಠ ನಡೆಯಿತು. ಅನ್ನ ಬಸಿದ ಗಂಜಿ, ತೆಳ್ಳಗೆ, ಬಿಸಿ ಇರುವಾಗಲೇ ಸೋಸಿಕೋ, ಅರೆ ಒಣಗಿದಾಗ ಇಸ್ತ್ರಿ. ರಫ್ ಅಪ್ಪಳದ ಹಾಗೆ ಗರಿಗರಿ ನಿಂತಿತು. ಗ್ಯಾರೇಜಿನಲ್ಲಿ ನೇತು ಹಾಕಿದೆ. ಹ್ಯೂಸ್ಟನ್ ಇರುವೆಗಳಿಗೆ ಬೆಳಗಾಗುವುದರೊಳಗೆ ಸುದ್ದಿ ತಲುಪಿತ್ತು. ಕೊಡವಿ, ತಟ್ಟಿ, ಮತ್ತೆ ಇಸ್ತ್ರಿ ಮಾಡಿ ಕೊಟ್ಟೆ. ಹಾಕಿಕೊಂಡವರು ಜಾತ್ರೆಯಲ್ಲಿ ಅಷ್ಟು ಹೊತ್ತು ಕುತ್ತಿಗೆ ಕೆರೆದುಕೊಂಡಿದ್ದು ಗತ್ತಿನ ಭಾಗ ಅಂತ ಎಲ್ಲರೂ ತಿಳಿದರಂತೆ. ಮಧ್ಯಾಹ್ನದ ಸೆಕೆಗೆ ರಫ್ ಸೋತು ಹೆಗಲ ಮೇಲೆ ಮಲಗಿತು.

ಇಷ್ಟು ವರ್ಷ ದೂರ ನಿಂತು ನಗುತ್ತಿದ್ದ ನಮ್ಮನೆಯವರಿಗೆ ಈ ಸಲ ಅದೇನಾಯಿತೋ, ತಾನೂ ಬರ್ತೀನಿ ಅಂದರು. ಬಿಗಿ ಚಲ್ಲಣ ತೋರಿಸಿದೆ. ಎರಡು ಹೆಜ್ಜೆ ಹಿಂದೆ ಸರಿದರು. ಎರಡು ದಿನ ಏನೋ ಓದಿದರು. ಆಮೇಲೆ ಗೆದ್ದವರ ಮುಖ ಮಾಡಿಕೊಂಡು ಬಂದರು.

'ಎಂಟನೇ ಹೆನ್ರಿ ಪಟ್ಟಕ್ಕೆ ಬಂದಿದ್ದು ಯಾವಾಗ ಹೇಳು?'

'1509.'

'ನಮ್ಮ ಕೃಷ್ಣದೇವರಾಯ?'

ಅದೂ 1509. ಮಾತಾಡುವ ಹಾಗಿಲ್ಲ. ಅದೇ ಶತಮಾನ, ಅದೇ ವರ್ಷ. ಹಾಗಾಗಿ ಅವರು ವಿಜಯನಗರದ ರಾಯಭಾರಿ. ರೇಷ್ಮೆ ಪಂಚೆ, ಜರಿ ಶಲ್ಯ, ಎರಡಕ್ಕೂ ಅಳತೆಯೇ ಬೇಡ, ಲಾಡಿಯೂ ಬೇಡ. ತಲೆಗೆ ಮಾತ್ರ ತಿರುಪತಿಯ ಕೃಷ್ಣದೇವರಾಯನ ವಿಗ್ರಹದಲ್ಲಿ ಇದೆಯಲ್ಲ, ಆ ಎತ್ತರದ ಕುಳ್ಳಾಯಿ. ಅದನ್ನು ನಾನು ಹೊಲಿಯಬೇಕು. ಸರಿ ಅಂತ ಟೇಪು ತಂದೆ. ಹಣೆಯ ಸುತ್ತ ಸುತ್ತಿದೆ. ನೋಡುತ್ತೇನೆ, ಇವರು ಹೊಟ್ಟೆ ಒಳಗೆ ಎಳೆದುಕೊಂಡು ಉಸಿರು ಬಿಗಿಹಿಡಿದು ನಿಂತಿದ್ದಾರೆ.