ಕಣ್ಣು ಹೊಡೆಯುವ ಕಾರು

ನಮ್ಮ ಭಾವ ಎರಡು ವರ್ಷಕ್ಕೆ ಪರದೇಶಕ್ಕೆ ಹೊರಟಾಗ ಎರಡು ಜವಾಬ್ದಾರಿ ಕೊಟ್ಟರು. ಒಂದು ತುಳಸಿ ಕುಂಡ, ಇನ್ನೊಂದು ಕಾರು. ತುಳಸಿ ಎಂಟೇ ದಿನಕ್ಕೆ ಒಣಗಿತು. ಕಲಬುರಗಿಯ ಮೇ ತಿಂಗಳು, ಅದರ ತಪ್ಪೇನೂ ಇಲ್ಲ. ಕಾರು ಮಾತ್ರ ಉಳಿಯಿತು. ಜಪಾನಿನದು, ಎರಡೇ ಸೀಟು, ನನ್ನ ಮಗಳಿಗಿಂತ ಹಳೆಯದು. ಅದರ ಹೆಡ್‌ಲೈಟು ಹಗಲೆಲ್ಲ ಬಾನೆಟ್ಟಿನೊಳಗೆ ಮಲಗಿರುತ್ತವೆ. ಸ್ವಿಚ್ ಒತ್ತಿದರೆ ನೀರಿನಿಂದ ಕಪ್ಪೆ ತಲೆ ಎತ್ತಿದ ಹಾಗೆ ಎರಡೂ ಮೇಲೆ ಬರುತ್ತವೆ.

ಬರುತ್ತಿದ್ದವು. ಒಂದು ಸಂಜೆ ಸೂಪರ್ ಮಾರ್ಕೆಟ್ ಹತ್ತಿರ ಸ್ವಿಚ್ ಒತ್ತಿದೆ. ಬಲಗಡೆಯದು ಎದ್ದಿತು, ಎಡಗಡೆಯದು ಏಳಲಿಲ್ಲ. ಸರಿಯಾಗಿ ಕಾರಿನ ಮುಂದೆ ರಸ್ತೆ ದಾಟುತ್ತಿದ್ದವರು ಮಗಳ ಶಾಲೆಯ ಹೆಡ್ ಮೇಡಂ. ಗಾಬರಿಯಲ್ಲಿ ಸ್ವಿಚ್ಚನ್ನು ಮತ್ತೆ ಮತ್ತೆ ಒತ್ತಿದೆ. ಕಾರು ಅವರಿಗೆ ಮೂರು ಸಲ ಕಣ್ಣು ಹೊಡೆಯಿತು. ಅವರು ಕಾರನ್ನು ನೋಡಲಿಲ್ಲ, ನನ್ನನ್ನು ನೋಡಿದರು.

ಮನೆಯಲ್ಲಿ ವಿಷಯ ತಿಳಿದು ಅವ್ವ ಕೇಳಿದ ಮೊದಲ ಪ್ರಶ್ನೆ: "ಕಾರು ಗಂಡೋ, ಹೆಣ್ಣೋ?"

"ಯಾಕಬೇ?"

"ಗಂಡಸರಿಗಿ ಎಡಗಣ್ಣಿನ ತಕರಾರು ಬಂದ್ರ ಚೊಲೋ ಅಲ್ಲ."

ಪಕ್ಕದ ಮನೆಯವರು ಫ್ಯೂಸ್ ಹೋಗಿದೆ ಅಂದರು. ದೀಪ ಎತ್ತುವ ಎರಡೂ ಮೋಟಾರಿಗೆ ಇರುವುದು ಒಂದೇ 30 ಆಂಪಿಯರ್ ಫ್ಯೂಸ್, ಅದು ಹೋಗಿದ್ದರೆ ಬಲಗಡೆಯದೂ ಮಲಗಬೇಕಿತ್ತು ಅಲ್ವಾ ಅಂದೆ. ಅವರಿಗೆ ಬೇಜಾರಾಯ್ತು. ನಮ್ಮ ಓಣಿಯಲ್ಲಿ ಸಲಹೆ ಪುಕ್ಕಟೆ ಸಿಗುತ್ತದೆ, ಆದರೆ ಕೊಟ್ಟದ್ದನ್ನು ಯಾರೂ ವಾಪಸ್ ತಗೊಳ್ಳುವುದಿಲ್ಲ. ಅವರು ಇವತ್ತಿಗೂ ಫ್ಯೂಸ್ ಅಂತಲೇ ಹೇಳ್ತಾರೆ.

ಮರುದಿನ ಆಳಂದ ರಸ್ತೆಯ ಉಸ್ತಾದರ ಹತ್ತಿರ ಹೋದೆ. ಟಂಟಂ ಆಟೋಗಳ ವೈರಿಂಗಿನಲ್ಲಿ ಅವರನ್ನು ಬಿಟ್ಟರಿಲ್ಲ. ಕಾರಿನ ಸುತ್ತ ಒಂದು ಸುತ್ತು ಹಾಕಿ, "ಇದರ ಕಣ್ಣ ಎಲ್ಲಿ ಅವ ಸರ?" ಅಂದರು. ನಾನು ಓದಿಕೊಂಡು ಹೋಗಿದ್ದೆ. ಸುಮ್ನೆ ಇರಬಹುದಿತ್ತು, ಇರಲಿಲ್ಲ. 1936ರಲ್ಲಿ ಅಮೆರಿಕದ ಕಾರ್ಡ್ 810 ಅನ್ನೋ ಕಾರಿಗೆ ಇಂಥ ದೀಪ ಬಂತು, ಡ್ರೈವರ್ ಒಳಗೆ ಕೂತು ಕೈಯಿಂದ ಹಿಡಿಕೆ ತಿರುಗಿಸಿ ಎತ್ತಬೇಕಿತ್ತು, 2004ಕ್ಕೆ ಕೊನೆಯವೂ ನಿಂತವು ಅಂತ ಒಂದೇ ಉಸಿರಿಗೆ ಒಪ್ಪಿಸಿದೆ. ಉಸ್ತಾದರು ಬೀಡಿ ಆರಿಸಿದರು. "ಕೈಲೆ ತಿರುಗಸ್ತಿದ್ರಾ? ಹಂಗಾರ ಇದಕ್ಕೂ ಎಲ್ಲರ ಒಂದು ಹಿಡಿಕಿ ಇಟ್ಟಿರ್ತಾರ."

ಬಾನೆಟ್ ಎತ್ತಿ ಹುಡುಕಿದರು. ಮೋಟಾರಿನ ತಲೆ ಮೇಲೆ ಕಪ್ಪು ರಬ್ಬರಿನ ಟೋಪಿ. ಅದನ್ನು ಕಿತ್ತರೆ ಕೆಳಗೊಂದು ಗುಂಡನೆಯ ಹಿಡಿ. ತಿರುಗಿಸಿದರು, ತಿರುಗಿಸಿದರು, ತಿರುಗಿಸುತ್ತಲೇ ಇದ್ದರು. ಎಡಗಣ್ಣು ಕೂದಲೆಳೆಯಷ್ಟೇ ಮೇಲೆ ಬಂತು. ಕೀಲಿನ ಸಂದಿಯಿಂದ ಕರಿಮಣ್ಣಿನ ಧೂಳು ಉದುರಿತು. ಕಣ್ಣು ಪೂರ್ತಿ ತೆರೆಯುವಷ್ಟರಲ್ಲಿ ಎರಡು ಕಪ್ ಚಹಾ ಮುಗಿದಿತ್ತು.

"ಕೀಲು ಬರಾಬ್ಬರಿ ಅದ. ಈಗ ಮೋಟಾರ್ ನೋಡಮು" ಅಂತ ಬ್ಯಾಟರಿಯಿಂದ ಸೀದಾ ವೈರ್ ಎಳೆದು ಮೋಟಾರಿಗೆ ಮುಟ್ಟಿಸಿದರು. ಈ ಮೋಟಾರು ಒಂದೇ ದಿಕ್ಕಿಗೆ ತಿರುಗುತ್ತದೆ. ಅರ್ಧ ಸುತ್ತಿಗೆ ದೀಪ ಮೇಲೆ, ಉಳಿದರ್ಧಕ್ಕೆ ಕೆಳಗೆ. ಸೀದಾ ಕರೆಂಟ್ ಕೊಟ್ಟರೆ ನಿಲ್ಲು ಅನ್ನುವವರೇ ಇಲ್ಲ. ಎಡಗಣ್ಣು ಪಟಪಟ ಬಡಿಯತೊಡಗಿತು. ಎದುರಿಗೆ ಬಸ್ ಸ್ಟಾಪು. ಅಲ್ಲಿ ನಿಂತ ಹೆಣ್ಣುಮಕ್ಕಳು ಮೊದಲು ನಕ್ಕರು, ಆಮೇಲೆ ಸೆರಗು ಸರಿ ಮಾಡಿಕೊಂಡರು. ನಾನು ಕಾರಿಗೂ ನನಗೂ ಸಂಬಂಧವಿಲ್ಲದವನಂತೆ ಪಕ್ಕದ ಅಂಗಡಿಯ ತೊಗರಿಬೇಳೆ ರೇಟು ಕೇಳುತ್ತಾ ನಿಂತೆ. ಉಸ್ತಾದರು ಅಲ್ಲಿಂದಲೇ ಕೂಗಿದರು: "ಸರ, ನಿಮ್ಮ ಗಾಡಿ ಮೋಟಾರ್ ಛೊಲೋ ಹೊಡಿಲತ್ತದ ನೋಡ್ರಿ!"

ಮೋಟಾರು ಸರಿ ಇದ್ದರೆ ಕರೆಂಟು ದಾರಿಯಲ್ಲೇ ಎಲ್ಲೋ ನಿಂತಿದೆ ಅಂತ ಅರ್ಥ. ಪ್ಲಗ್ ಬಿಚ್ಚಿ ನೋಡಿದರೆ ಪಿನ್ನುಗಳು ಹಸಿರಾಗಿದ್ದವು. ಹಬ್ಬದ ಹಿಂದಿನ ದಿನ ಅಟ್ಟದಿಂದ ಇಳಿಸಿದ ತಂಬಿಗೆಯ ಹಾಗೆ ಕಿಲುಬು ಕಟ್ಟಿತ್ತು. ಫೋನಿನಲ್ಲಿ ಹೆಂಡತಿಗೆ ಹೇಳಿದೆ. "ಹುಣಸಿಹಣ್ಣು ಹಚ್ಚಿ ತಿಕ್ರಿ" ಅಂದಳು. ಉಸ್ತಾದರು ಪಾಲಿಶ್ ಪೇಪರಿನಲ್ಲಿ ತಿಕ್ಕಿ, ಪ್ಲಗ್ಗನ್ನು ಒತ್ತಿ ಕೂರಿಸಿದರು. ಸ್ವಿಚ್ ಹಾಕಿದರೆ ಎರಡೂ ಕಣ್ಣು ಒಟ್ಟಿಗೆ ಎದ್ದವು. ಇನ್ನೂರು ರೂಪಾಯಿ. ಅದರಲ್ಲಿ ಚಹಾದ ದುಡ್ಡೂ ಸೇರಿತ್ತು.

ಸಂಜೆ ಮನೆ ಮುಂದೆ ಓಣಿಯ ಹುಡುಗರ ದಂಡು ಕಾಯುತ್ತಿತ್ತು. ಹೆಮ್ಮೆಯಿಂದ ಸ್ವಿಚ್ ಒತ್ತಿದೆ. ಎರಡೂ ದೀಪ ಶಿಸ್ತಾಗಿ ಮೇಲೆ ಬಂದವು. ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಒಬ್ಬ ಸಣ್ಣವನು ಮುಖ ಚಿಕ್ಕದು ಮಾಡಿಕೊಂಡು ಕೇಳಿದ: "ಕಾಕಾ, ಇನ್ನ ಇದು ಕಣ್ಣ ಹೊಡಿಯಲ್ಲೇನ್ರಿ?"

ಆ ಕಡೆ ಈ ಕಡೆ ನೋಡಿದೆ. ಹೆಡ್ ಮೇಡಂ ಎಲ್ಲೂ ಕಾಣಲಿಲ್ಲ. ಬಾನೆಟ್ ಎತ್ತಿ, ರಬ್ಬರ್ ಟೋಪಿ ಕಿತ್ತು, ಎಡಗಡೆಯ ಹಿಡಿಯನ್ನು ಮೆಲ್ಲಗೆ ತಿರುಗಿಸತೊಡಗಿದೆ.