ಅಡುಗೆ ಮಾಡಿದ ಕೈಗೂ ಒಂದು ಮಾತು

ಊಟಕ್ಕೆ ಮೊದಲು ಕೈ ಕೈ ಹಿಡಿದುಕೊಳ್ಳಬೇಕು ಅಂತ ನನಗೆ ಗೊತ್ತಿರಲಿಲ್ಲ. ಜೋರು ಹಸಿವಾಗಿತ್ತು. ಕುರ್ಚಿ ಎಳೆದು ಕೂತು ಚಮಚ ತಗೊಂಡಿದ್ದೆ. ಅಷ್ಟರಲ್ಲಿ ಎಡಗಡೆಯಿಂದ ಒಂದು ಕೈ ಬಂತು, ಬಲಗಡೆಯಿಂದ ಇನ್ನೊಂದು. ಚಮಚ ಇಟ್ಟು ಎರಡನ್ನೂ ಹಿಡಿದುಕೊಂಡೆ. ಬಲಗಡೆಯದು ಆ ಮನೆಯ ಯಜಮಾನಿಯ ಕೈ. ಇನ್ನೂ ಒದ್ದೆಯಿತ್ತು. ಈರುಳ್ಳಿ ವಾಸನೆ ಹೋಗಿರಲಿಲ್ಲ. ಮಣಿಕಟ್ಟಿನ ಹತ್ತಿರ ಓವನ್ನಿನ ಕಂಬಿ ತಾಗಿ ಸುಟ್ಟ ಕೆಂಪು ಗೆರೆಯೊಂದಿತ್ತು.

ಇದು ಹೋದ ವರ್ಷದ ಮಾತು, ಅಮೆರಿಕದ ಮಿನೆಸೋಟದಲ್ಲಿ. ನಾನು ಮೂಡಿಗೆರೆ ಕಡೆಯವನು. ಇಲ್ಲಿಗೆ ಬಂದು ಒಂಬತ್ತು ವರ್ಷವಾಯಿತು. ನವೆಂಬರ್ ತಿಂಗಳ ನಾಲ್ಕನೇ ಗುರುವಾರ ಇಲ್ಲಿ ಥ್ಯಾಂಕ್ಸ್‌ಗಿವಿಂಗ್, ಕೃತಜ್ಞತೆ ಹೇಳುವ ಹಬ್ಬ. ಊರಲ್ಲಿ ಆಗ ಅರೇಬಿಕಾ ಕಾಫಿ ಹಣ್ಣು ಕೊಯ್ಯುವ ಗಡಿಬಿಡಿ. ಇಷ್ಟು ವರ್ಷ ಈ ಹಬ್ಬ ನನಗೆ ಬರೀ ರಜೆಯಾಗಿತ್ತು. ಆ ಸಲ ಜೊತೆಯಲ್ಲಿ ಕೆಲಸ ಮಾಡುವವರೊಬ್ಬರು ಬಿಡದೆ ಮನೆಗೆ ಕರೆದರು.

ಎಲ್ಲರೂ ತಲೆ ತಗ್ಗಿಸಿದರು. ಮನೆಯ ಅಜ್ಜಿ ಪ್ರಾರ್ಥನೆ ಹೇಳಿದರು. ಅವರು ಲೂಥರನ್ ಪಂಥದವರು. ಅವರಲ್ಲಿ ಚಿಕ್ಕ ಮಕ್ಕಳಿಗೂ ಬಾಯಿಪಾಠ ಬರುವ ಪ್ರಾರ್ಥನೆ ಅದು. ಯೇಸುವೇ ಬಾ, ನಮ್ಮ ನೆಂಟನಾಗಿ ಬಾ, ಈ ಊಟವನ್ನು ಹರಸು ಅಂತ ಕೇಳಿಕೊಳ್ಳುತ್ತಾರೆ. ಅಜ್ಜಿ ಅಲ್ಲಿಗೇ ನಿಲ್ಲಿಸಲಿಲ್ಲ. ಬೆಳೆ ಬೆಳೆದವರನ್ನು ನೆನೆದರು. ಆಮೇಲೆ ಮೆಲ್ಲಗೆ, ಈ ಅಡುಗೆ ಮಾಡಿದ ಕೈಗಳನ್ನೂ ಹರಸು ಅಂದರು. ಎಲ್ಲರೂ ಆಮೆನ್ ಅಂದರು. ನಾನು ಹಿಡಿದಿದ್ದ ಆ ಒದ್ದೆ ಕೈ ನನ್ನ ಕೈಯನ್ನು ಒಂದು ಸಲ ಒತ್ತಿ ಬಿಟ್ಟಿತು.

ನನಗೆ ಗಂಟಲು ಕಟ್ಟಿತು. ಹಬ್ಬದ ದಿನ ಅಮ್ಮ ನಮ್ಮ ಪಂಕ್ತಿಯಲ್ಲಿ ಕೂತು ಉಂಡದ್ದು ಯಾವಾಗ ಅಂತ ನೆನಪು ಮಾಡಿಕೊಂಡೆ. ಒಂದು ಸಲವೂ ನೆನಪಿಗೆ ಬರಲಿಲ್ಲ.

ದೀಪಾವಳಿಯನ್ನೇ ತಗೊಳ್ಳಿ. ನಸುಕಿಗೇ ಎದ್ದು ಅಮ್ಮ ಚೀನಿಕಾಯಿ, ಅಂದರೆ ಸಿಹಿಗುಂಬಳ, ತುರಿಯುತ್ತಾಳೆ. ಅಕ್ಕಿತರಿ, ಬೆಲ್ಲ, ಕಾಯಿ ಕಲಸಿ ಎಲೆಗೆ ಸುತ್ತುತ್ತಾಳೆ. ಮಧ್ಯಾಹ್ನದವರೆಗೆ ಹಬೆಯಲ್ಲಿ ಕಡುಬು ಬೇಯುತ್ತಲೇ ಇರುತ್ತವೆ. ಮೊದಲು ದೇವರಿಗೆ ಎಡೆ. ಆಮೇಲೆ ದನಗಳಿಗೆ. ಕೊಂಬಿಗೆ ಬಣ್ಣ ಹಚ್ಚಿ, ಹಾರ ಹಾಕಿ, ಕಾಲು ಮುಟ್ಟಿ ನಮಸ್ಕಾರ ಮಾಡುತ್ತೇವೆ. ಆಮೇಲೆ ಗಂಡಸರು, ಮಕ್ಕಳು, ನೆಂಟರು. ಇನ್ನೊಂದು ಪಂಕ್ತಿಯಲ್ಲಿ ಆಳುಕಾಳು. ಮೂರೂವರೆ ಹೊತ್ತಿಗೆ ಅಮ್ಮ ಅಡುಗೆಮನೆಯ ಬಾಗಿಲಿಗೆ ಒರಗಿ ತಟ್ಟೆ ಹಾಕಿಕೊಳ್ಳುತ್ತಾಳೆ. ಕಡುಬು ಆಗ ತಣ್ಣಗೆ ಕಲ್ಲಾಗಿರುತ್ತದೆ. ನಾವು ಅಷ್ಟರಲ್ಲಿ ಒಂದು ನಿದ್ದೆ ಮುಗಿಸಿರುತ್ತೇವೆ.

ನಮ್ಮವರಿಗೆ ಕೃತಜ್ಞತೆ ಗೊತ್ತಿಲ್ಲ ಅಂತಲ್ಲ. ಆಯುಧಪೂಜೆಗೆ ಕತ್ತಿ, ಗುದ್ದಲಿ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್, ಜೀಪು ಎಲ್ಲಕ್ಕೂ ಕುಂಕುಮ ಇಡುತ್ತೇವೆ. ಒಲೆಗೂ ಇಡುತ್ತೇವೆ. ಹಿರಿಯರ ಹಬ್ಬಕ್ಕೆ ತೀರಿಹೋದ ಅಜ್ಜನಿಗೆ ಏನೇನು ಇಷ್ಟ ಅಂತ ನೆನಪಿಟ್ಟು ಎಡೆ ಹಾಕುತ್ತೇವೆ. ಕಾಗೆಗೂ ತುತ್ತು ಇದೆ. ಒಲೆಯ ಮುಂದೆ ನಿಂತವಳಿಗೆ ಮಾತ್ರ ಏನೂ ಇಲ್ಲ. ಉಪ್ಪು ಕಮ್ಮಿಯಾದರೆ ಬಾಯಿ ಬರುತ್ತದೆ. ಸರಿಯಾಗಿದ್ದ ದಿನ ಯಾರೂ ಮಾತಾಡುವುದಿಲ್ಲ. ನಾನೂ ಮಾತಾಡಿದವನಲ್ಲ.

ಊರಲ್ಲಿ ಇದನ್ನು ಹೇಳಿದರೆ ಸಿಗುವ ಉತ್ತರ ಗೊತ್ತು. ನಮ್ಮೋರಿಗೆ ನಾವೇ ಥ್ಯಾಂಕ್ಸ್ ಹೇಳ್ತಾರೇನೋ, ಅದೆಲ್ಲ ಹೊರಗಿನವರಿಗೆ ಅಂತಾರೆ. ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಮನಸ್ಸಲ್ಲಿ ಇದ್ದರೆ ಸಾಕು ಅನ್ನುವುದು ಇಟ್ಟುಕೊಂಡವರಿಗೆ ಅನುಕೂಲದ ಮಾತು. ಅಡುಗೆಮನೆಯಲ್ಲಿರುವವಳಿಗೆ ಅದು ಹೇಗೆ ಕಾಣಬೇಕು? ಪ್ರಾರ್ಥನೆಗೆ ಅರ್ಧ ನಿಮಿಷ ಸಾಕು. ಆದರೆ ಅದಕ್ಕೆ ಎಲ್ಲರೂ ಒಟ್ಟಿಗೆ ಕೂತಿರಬೇಕು, ಅಡುಗೆ ಮಾಡಿದವಳೂ ಕೂಡ. ನನಗೆ ದೊಡ್ಡದಾಗಿ ಕಂಡದ್ದು ಅದೇ. ಅವಳು ಬರುವವರೆಗೆ ಪ್ರಾರ್ಥನೆ ಇಲ್ಲ, ಪ್ರಾರ್ಥನೆ ಆಗುವವರೆಗೆ ಊಟ ಇಲ್ಲ. ಆ ದಿನ ಅವರು ಒಳಗಿಂದ ಕೈ ಒರೆಸಿಕೊಂಡು ಬರುವವರೆಗೆ ಹನ್ನೊಂದು ಜನ ಬಿಸಿ ಊಟದ ಮುಂದೆ ಸುಮ್ನೆ ಕೂತಿದ್ದೆವು.

ಆಮೇಲೆ ಒಬ್ಬೊಬ್ಬರೂ ಈ ವರ್ಷ ಯಾವುದಕ್ಕೆ ಋಣಿ ಅಂತ ಹೇಳಿದರು. ಒಬ್ಬರು ಅಪ್ಪನ ಹೃದಯದ ಆಪರೇಷನ್ ನೆನೆದು ಕಣ್ಣು ಒರೆಸಿಕೊಂಡರು. ನನ್ನ ಸರದಿ ಬಂದಾಗ, ನಮ್ಮಮ್ಮನಿಗೆ ಅಂದೆ. ಅದಕ್ಕಿಂತ ಜಾಸ್ತಿ ಹೇಳಲು ಆಗಲಿಲ್ಲ. ಕೊನೆಗೆ ಚೀನಿಕಾಯಿಯದೇ ಪೈ ಬಡಿಸಿದರು. ಅಮ್ಮನ ಕಡುಬಿಗೆ ಹೋಲಿಸಿದರೆ ಅದಕ್ಕೆ ರುಚಿ ಇಲ್ಲ. ಇದನ್ನಂತೂ ಖಂಡಿತ ಹೇಳುತ್ತೇನೆ.

ಈ ಹಬ್ಬದ ಕಥೆ ಓದಿದ ಮೇಲೆ ಸ್ವಲ್ಪ ತಣ್ಣಗಾದೆ, ಅದನ್ನೂ ಹೇಳಬೇಕು. 1620ರಲ್ಲಿ ಇಂಗ್ಲೆಂಡಿನಿಂದ ಮೇಫ್ಲವರ್ ಹಡಗಿನಲ್ಲಿ 102 ಜನ ಇಲ್ಲಿ ನೆಲೆಸಲು ಬಂದರು. ಮೊದಲ ಚಳಿಗಾಲಕ್ಕೇ ಅರ್ಧದಷ್ಟು ಜನ ತೀರಿಕೊಂಡರು. ಉಳಿದವರಿಗೆ ಮೆಕ್ಕೆಜೋಳ ಬಿತ್ತುವುದನ್ನು ಕಲಿಸಿದ್ದು ಅಲ್ಲಿಯ ಮೂಲನಿವಾಸಿ. 1621ರಲ್ಲಿ ಬೆಳೆ ಕೈಗೆ ಬಂದಾಗ ಮೂರು ದಿನ ಊಟ ನಡೆಯಿತು. ಆಗ ಬದುಕಿ ಉಳಿದಿದ್ದ ದೊಡ್ಡ ಹೆಂಗಸರು ನಾಲ್ಕೇ ಜನ. ಆ ಹಡಗಿನಲ್ಲೇ ಬಂದಿದ್ದ ಎಡ್ವರ್ಡ್ ವಿನ್ಸ್ಲೋ ಆ ಊಟದ ಬಗ್ಗೆ ಬರೆದ ಕಾಗದ ಇದೆ. ಅದರಲ್ಲಿ ಹಕ್ಕಿ ಹೊಡೆಯಲು ಹೋದ ನಾಲ್ಕು ಗಂಡಸರಿದ್ದಾರೆ, ಊಟಕ್ಕೆ ಬಂದ ತೊಂಬತ್ತು ಜನ ವಾಂಪನೋಗ್ ಅನ್ನುವ ಮೂಲನಿವಾಸಿ ಗಂಡಸರಿದ್ದಾರೆ, ಅವರು ತಂದ ಐದು ಜಿಂಕೆ ಇವೆ. ಒಲೆ ಮುಂದೆ ಇದ್ದವರ ಸುದ್ದಿಯೇ ಇಲ್ಲ. ನೆಲ ಕೊಟ್ಟವರಿಗಂತೂ ಒಳ್ಳೆಯದಾಗಲಿಲ್ಲ. 1970ರಿಂದ ಮೂಲನಿವಾಸಿಗಳು ಇದೇ ಗುರುವಾರ, ಆ ಹಡಗಿನವರು ನೆಲೆಸಿದ ಪ್ಲಿಮತ್‌ನಲ್ಲಿ ಶೋಕದ ದಿನ ಆಚರಿಸುತ್ತಾರೆ. ಈ ದಿನವನ್ನು ಇಡೀ ದೇಶದ ಹಬ್ಬ ಮಾಡಿ ಅಂತ ವರ್ಷಗಟ್ಟಲೆ ಕಾಗದ ಬರೆದದ್ದು ಸಾರಾ ಜೋಸೆಫಾ ಹೇಲ್ ಅನ್ನುವ ಪತ್ರಿಕೆಯ ಸಂಪಾದಕಿ. 1863ರಲ್ಲಿ ಅಧ್ಯಕ್ಷ ಲಿಂಕನ್ ಒಪ್ಪಿ ಸಾರಿದರು. ಅಂದರೆ ಅವರೂ ಒಂದೇ ದಿನಕ್ಕೆ ಕಲಿತವರಲ್ಲ.

ಇನ್ನೊಂದು ವಿಷಯ ಒಪ್ಪಿಕೊಳ್ಳಲು ಜಾಸ್ತಿ ಕಷ್ಟವಾಯಿತು. ಈ ಪ್ರಾರ್ಥನೆ ನೋಡಲು ನಾನು ಅಮೆರಿಕದವರೆಗೆ ಹೋಗಬೇಕಾಗಿರಲಿಲ್ಲ. ನಮ್ಮ ಪಕ್ಕದ ಎಸ್ಟೇಟಿನಲ್ಲಿ ಮಂಗಳೂರು ಕಡೆಯ ಕೊಂಕಣಿ ಕ್ರೈಸ್ತರ ಮನೆಯಿತ್ತು. ಸೆಪ್ಟೆಂಬರ್ 8ಕ್ಕೆ ಅವರದು ಮೊಂತಿ ಹಬ್ಬ, ಮೇರಿ ಮಾತೆ ಹುಟ್ಟಿದ ದಿನ. ಚರ್ಚಿನಲ್ಲಿ ಹರಸಿ ಕೊಟ್ಟ ಭತ್ತದ ತೆನೆ ಮನೆಗೆ ತರುತ್ತಿದ್ದರು. ಆ ದಿನ ಮೀನು, ಮಾಂಸ ಇಲ್ಲ. ಒಂದು ವರ್ಷ ನನ್ನನ್ನೂ ಕೂರಿಸಿದ್ದರು. ಆ ಮನೆಯ ಅಜ್ಜ ತೆನೆಯಿಂದ ಕಾಳು ಬಿಡಿಸಿ, ಉಗುರಲ್ಲಿ ಸುಲಿದು, ಪಾಯಸಕ್ಕೆ ಹಾಕಿದರು. ಪ್ರಾರ್ಥನೆ ಕೊಂಕಣಿಯಲ್ಲಿ ಮುಗಿಸಿ, ನನ್ನ ಕಡೆ ನೋಡಿ, ಕನ್ನಡದಲ್ಲಿ ಎರಡು ಮಾತು ಹೇಳಿದರು. ನನಗೆ ಆಗ ಹತ್ತು ವರ್ಷ. ಊಟ ಯಾಕೆ ತಡ ಅನ್ನುವುದಷ್ಟೇ ತಲೆಯಲ್ಲಿತ್ತು. ಅವರು ಏನು ಹೇಳಿದರು ಅಂತ ಈಗ ಎಷ್ಟು ನೆನೆದರೂ ಬರುವುದಿಲ್ಲ.

ಫೋನಿನಲ್ಲಿ ಅಮ್ಮನಿಗೆ ಎಲ್ಲ ಹೇಳಿದೆ. ಅವಳಿಗೆ ಕೋಪವೇ ಬಂತು. "ನೀವು ಉಂಡು ತಟ್ಟೆ ಖಾಲಿ ಮಾಡಿದ್ರೆ ನಂಗೆ ಗೊತ್ತಾಗಲ್ವಾ? ಇನ್ನೊಂದ್ ಹಾಕಮ್ಮ ಅಂತ ಕೇಳ್ತಿದ್ಯಲ್ಲ, ಅದೇನು ಮತ್ತೆ?" ಅಂದಳು. ಅದೂ ನಿಜ. ಹೊತ್ತಲ್ಲದ ಹೊತ್ತಿಗೆ ಬಂದವರಿಗೂ ನಮ್ಮ ಮನೆಯಲ್ಲಿ ಊಟ ಇರುತ್ತದೆ. ಇಲ್ಲಿ ಕರೆಯದೆ ಯಾರೂ ಯಾರ ಮನೆಗೂ ಊಟಕ್ಕೆ ಹೋಗುವುದಿಲ್ಲ. ಆದರೂ ನನಗೆ ಸಮಾಧಾನವಾಗಲಿಲ್ಲ.

ಡಿಸೆಂಬರ್‌ನಲ್ಲಿ ಊರಿಗೆ ಹೋದೆ. ಒಂದು ಭಾನುವಾರ ಅಕ್ಕಿ ಕಡುಬು, ಕೋಳಿ ಸಾರು. ಎಲ್ಲ ಪಾತ್ರೆಗಳನ್ನೂ ತಂದು ನಡುಮನೆಯಲ್ಲಿ ಇಟ್ಟೆ. ಅಮ್ಮ ಕೂರುವವರೆಗೆ ಊಟ ಬೇಡ ಅಂದೆ. ಅವಳು ಬೈದಳು. ಅಪ್ಪ ಏನೂ ಹೇಳಲಿಲ್ಲ, ಕೈ ತೊಳೆದು ಬಂದವರು ತಟ್ಟೆ ಮುಟ್ಟದೆ ಕಾದರು. ಕೊನೆಗೆ ಅವಳು ಸೆರಗಿಗೆ ಕೈ ಒರೆಸಿಕೊಂಡು ಅಂಚಿನಲ್ಲಿ ಕೂತಳು. ಎರಡು ಸಲ ಏಳಲು ಹೋದಳು, ತಡೆದೆ. ಪ್ರಾರ್ಥನೆ ನನಗೆ ಬರುವುದಿಲ್ಲ. ಬೆಳಗ್ಗೆಯಿಂದ ನಿಂತೇ ಇದ್ದೀಯಲ್ಲಮ್ಮ ಅಂದೆ, ಅಷ್ಟೇ. ಅಪ್ಪ ಹಬೆಯಾಡುತ್ತಿದ್ದ ಕಡುಬೊಂದನ್ನು ತೆಗೆದು ಅವಳ ತಟ್ಟೆಗೆ ಹಾಕಿದರು. ಅವಳು ಮುರಿದು, ಸಾರಿಗೆ ಅದ್ದಿ, ಬಾಯಿಗಿಟ್ಟುಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಬಿಸೀಲಿ ಎಷ್ಟು ಮೆತ್ತಗಿರುತ್ತಲ್ವಾ" ಅಂದಳು.