ಮುನ್ನೂರು ವರ್ಷದ ಇತಿಹಾಸ, ಬೆಳಗಿನ ತಿಂಡಿ ಸೇರಿ

ಗೆಳೆಯನೊಬ್ಬ ಮದುವೆಯಾಗಿ 25 ವರ್ಷ ತುಂಬಿದ ಖುಷಿಗೆ ಹೆಂಡತಿಯನ್ನು ಕರೆದುಕೊಂಡು ದಕ್ಷಿಣ ಆಫ್ರಿಕಾದ ಕೇಪ್ ಟೌನ್ ಕಡೆ ಹೊರಟಿದ್ದಾನೆ. ಅಲ್ಲಿನ ವೈನ್ ಎಸ್ಟೇಟುಗಳ ವಿಲ್ಲಾ ಜಾಹೀರಾತುಗಳನ್ನು ನನಗೂ ಕಳಿಸಿ, 'ಯಾವುದು ಚೆನ್ನಾಗಿದೆ ಹೇಳೋ' ಅಂದ. ಎಲ್ಲವೂ ಚೆನ್ನಾಗಿವೆ. ಬಿಳಿ ಗೋಡೆ, ಹುಲ್ಲಿನ ಚಾವಣಿ, ನಿಮಗೇ ಅಂತ ಒಂದು ಈಜುಕೊಳ, ಹಿಂದೆ ಬೆಟ್ಟ. ಜೊತೆಗೆ ಇತಿಹಾಸ, ಮುನ್ನೂರು ವರ್ಷದ್ದು, ರಾತ್ರಿಗಿಷ್ಟು ಅಂತ ಬಾಡಿಗೆಗೆ.

ಆ ಇತಿಹಾಸ ಹೇಳುವ ಶೈಲಿ ಥೇಟ್ ನಮ್ಮ ಮದುವೆ ದಲ್ಲಾಳಿಗಳದ್ದು. ಹುಡುಗನಿಗೆ ಸ್ವಂತ ಮನೆ ಇದೆ ಅನ್ನುತ್ತಾರೆ, ಅದರ ಮೇಲಿನ ಸಾಲದ ಸುದ್ದಿ ಎತ್ತುವುದಿಲ್ಲ. 1685ರಲ್ಲಿ ಡಚ್ ಅಧಿಕಾರಿ ಸೈಮನ್ ವಾನ್ ಡರ್ ಸ್ಟೆಲ್‌ಗೆ ಕೇಪ್ ಟೌನ್ ಪಕ್ಕದ ಕಾನ್‌ಸ್ಟಾನ್ಷಿಯಾದ ಜಮೀನು ಸಿಕ್ಕಿತು, ಸೇಂಟ್ ಹೆಲೆನಾ ದ್ವೀಪದಲ್ಲಿ ಸೆರೆಯಲ್ಲಿದ್ದ ನೆಪೋಲಿಯನ್‌ಗೂ ಇಲ್ಲಿಂದಲೇ ವೈನ್ ಹೋಗುತ್ತಿತ್ತು, ಇಷ್ಟನ್ನು ಜೋರಾಗಿ ಹೇಳುತ್ತಾರೆ. ಬಳ್ಳಿ ನೆಟ್ಟವರು ಯಾರು, ಹಣ್ಣು ಕಿತ್ತವರು ಯಾರು ಅಂದರೆ ದನಿ ಸಣ್ಣದಾಗುತ್ತದೆ. ಬಂಗಾಳ, ಮಲಬಾರ್, ಕೋರಮಂಡಲ ತೀರ, ಇಂಡೋನೇಷ್ಯಾ, ಮಡಗಾಸ್ಕರ್‌ನಿಂದ ಹಡಗಿನಲ್ಲಿ ತಂದ ಗುಲಾಮರು ಅವರು. ಹೌದು, ನಮ್ಮ ಕಡೆಯವರೂ ಇದ್ದರು. ಎಷ್ಟೋ ಜನಕ್ಕೆ ತಿಂಗಳ ಹೆಸರನ್ನೇ ಇಟ್ಟುಬಿಟ್ಟರು. ಫೆಬ್ರವರಿ, ಏಪ್ರಿಲ್, ಸೆಪ್ಟೆಂಬರ್ ಅನ್ನುವ ಮನೆತನದ ಹೆಸರುಗಳು ಅಲ್ಲಿ ಇವತ್ತಿಗೂ ಇವೆ.

ಅಷ್ಟರಲ್ಲಿ ಆ ನೆಲ ಡಚ್ಚರ ಕೈಯಿಂದ ಬ್ರಿಟಿಷರ ಕೈಗೆ ಬಂದಿತ್ತು, 1834ರಲ್ಲಿ ಅವರು ಗುಲಾಮಗಿರಿ ತೆಗೆದರು. ಆದರೆ ಬಿಡುಗಡೆಯಾದವರು ಇನ್ನೂ 4 ವರ್ಷ ಅದೇ ಮಾಲೀಕರ ಹತ್ತಿರ ಕೆಲಸ ಕಲಿಯಬೇಕು ಅಂದರು. ಹುಟ್ಟಿದಾಗಿನಿಂದ ದ್ರಾಕ್ಷಿ ಕೊಯ್ದವರಿಗೆ ಟ್ರೈನಿಂಗ್! ಪರಿಹಾರದ ದುಡ್ಡು ಯಾರಿಗೆ ಬಂತು ಅಂತೀರಾ? ಮಾಲೀಕರಿಗೆ.

ಆಮೇಲಿನದು ಇನ್ನೂ ಚೆಂದ. ಡಾಪ್ ಅಂತ ಒಂದು ಪದ್ಧತಿ ಇತ್ತು. ತೋಟದ ಕೂಲಿಗಳಿಗೆ ಸಂಬಳದ ಒಂದು ಪಾಲನ್ನು ಅಗ್ಗದ ವೈನಿನಲ್ಲೇ ಕೊಡುವುದು, ಅದೂ ದಿನಕ್ಕೆ ಹಲವು ಸಲ ಲೋಟ ತುಂಬಿಸಿ. ಕಾನೂನು ಬೇಡ ಅಂದ ಮೇಲೂ 1990ರ ದಶಕದವರೆಗೆ ಅಲ್ಲಲ್ಲಿ ನಡೆದೇ ಇತ್ತು. ತಾಯಿ ಕುಡಿದದ್ದಕ್ಕೆ ಹೊಟ್ಟೆಯಲ್ಲಿದ್ದ ಕೂಸಿಗೆ ಬರುವ ಕಾಯಿಲೆ ಜಗತ್ತಿನಲ್ಲೇ ಅತಿ ಹೆಚ್ಚು ದಾಖಲಾದ ಜಾಗಗಳಲ್ಲಿ ಈ ಸೀಮೆಯೂ ಒಂದು. ಈಗ ಅದೇ ನೆಲದಲ್ಲಿ ಸಣ್ಣ ಸಣ್ಣ ಗ್ಲಾಸಿನಲ್ಲಿ ಸರದಿಯಂತೆ ವೈನ್ ಬರುತ್ತದೆ, ಅದಕ್ಕೆ ಟೇಸ್ಟಿಂಗ್ ಅನ್ನುತ್ತಾರೆ. ಆಗ ದುಡಿದವನಿಗೆ ದುಡ್ಡಿನ ಬದಲು ವೈನ್, ಈಗ ಕೂತವನಿಂದ ವೈನಿಗೆ ದುಡ್ಡು.

ಕೂರುವುದು ಬೇಜಾರಾದರೆ ಕೊಯ್ಲಿನ ಅನುಭವವೂ ಉಂಟು. ಬುಟ್ಟಿ ಹಿಡಿದು ಹಣ್ಣು ಕೀಳಬಹುದು, ಕಾಲಲ್ಲಿ ತುಳಿಯಬಹುದು. ಫೀ ಕೊಡಬೇಕು ಅಷ್ಟೇ. 2012ರಲ್ಲಿ ಇದೇ ಸೀಮೆಯ ಡಿ ಡೂರ್ನ್ಸ್ ಊರಿನ ದ್ರಾಕ್ಷಿ ತೋಟಗಳಲ್ಲಿ ಇದೇ ಅನುಭವವನ್ನು ದಿನವಿಡೀ ಪಡೆಯುತ್ತಿದ್ದವರ ಕನಿಷ್ಠ ದಿನಗೂಲಿ ಅಲ್ಲಿನ ದುಡ್ಡಿನಲ್ಲಿ 69 ರಾಂಡ್. 150 ಕೇಳಿ ಮುಷ್ಕರ ಮಾಡಿದರು, ಸರ್ಕಾರ 105ಕ್ಕೆ ನಿಲ್ಲಿಸಿತು. ವಿಲ್ಲಾದ ಒಂದು ರಾತ್ರಿಗೆ ಸಾವಿರಾರು ರಾಂಡ್. ಚೌಕಾಸಿ ಇಲ್ಲ.

ಕೆಲವು ಕಡೆ ಹಳೆ ಕೂಲಿ ಮನೆಗಳೇ ಈಗ ಅತಿಥಿಗಳ ಕಾಟೇಜುಗಳು. ನಮ್ಮ ಕೊಡಗಿನ ಲೈನ್ ಮನೆಗೆ ಸುಣ್ಣ ಬಳಿದು, ಬಾತ್‌ಟಬ್ ಇಟ್ಟು, 'ಹೆರಿಟೇಜ್ ಕಾಟೇಜ್' ಅಂತ ಬೋರ್ಡ್ ಹಾಕಿದ ಹಾಗೆ. ಗುಲಾಮರನ್ನು ಎಬ್ಬಿಸಲು ಬಾರಿಸುತ್ತಿದ್ದ ಗಂಟೆ ಇನ್ನೂ ಕೆಲವು ಅಂಗಳಗಳಲ್ಲಿದೆ. ಫೋಟೋಗೆ ಒಳ್ಳೇ ಜಾಗ, ಅಲ್ವಾ?

ಈಜುಕೊಳದ ಮಾತು ಬಂತಲ್ಲ, 2018ರಲ್ಲಿ ಕೇಪ್ ಟೌನ್‌ನಲ್ಲಿ ಒಬ್ಬರಿಗೆ ದಿನಕ್ಕೆ 50 ಲೀಟರ್ ನೀರು ಅಂತ ಮಿತಿ ಹಾಕಿದ್ದರು. ಅದೂ ಈ ಇತಿಹಾಸದಲ್ಲಿ ಸೇರಿಲ್ಲ, ತೀರಾ ಹೊಸದು ನೋಡಿ.

ಇದನ್ನೆಲ್ಲ ಗೆಳೆಯನಿಗೆ ಬರೆದು ಕಳಿಸಿದೆ. 'ಅದಿರಲಿ, ಯಾವಾಗ ಹೋಗಲಿ ಹೇಳು' ಅಂದ. ಬುಕಿಂಗ್ ಪುಟದ ಕ್ಯಾಲೆಂಡರ್ ತೆರೆದೆ. ಫೆಬ್ರವರಿ ಕೊಯ್ಲಿನ ಕಾಲ, ಜಾಸ್ತಿ ಬೀಳುತ್ತದೆ. ಸೆಪ್ಟೆಂಬರ್ ಅಗ್ಗ.